ಹದಿನಾರು ಗೀರಿನ ಕುಂಡ

ಕುಂಡ ಸುಡುವ ಭಟ್ಟಿಯ ಬಾಯಿಗೆ ಜೋಡಿಸಿದ್ದ ಇಟ್ಟಿಗೆಗಳು ಇದ್ದ ಹಾಗೇ ಇದ್ದವು. ಯಜಮಾನರು ಒಂದೊಂದಾಗಿ ತೆಗೆದು ಒಳಗೆ ಇಣುಕಿದರು. ಮೇಲಿನ ಹಲಗೆ ಭರ್ತಿ. ಕೆಳಗಿನ ಹಲಗೆಯೂ ಭರ್ತಿ. ನಡುವಿನದು—ಖಾಲಿ!

ಅಲ್ಲಿ ಸುಡಲು ಇಟ್ಟಿದ್ದದ್ದು ಒಂದೇ ಒಂದು ಕುಂಡ. ಹತ್ತು ತಿಂಗಳ ಹಿಂದೆ ತೀರಿಹೋದ ಮಗಳು ಬೀಜದಿಂದ ಬೆಳೆಸಿದ ಬೋನ್ಸಾಯ್ ದಾಳಿಂಬೆಗೆಂದು ಅವರು ಕೈಯಾರೆ ಮಾಡಿದ್ದು. ಅವಳು ಹೋದಮೇಲೆ ಅವರು ಮಣ್ಣು ಮುಟ್ಟಿದ್ದು ಅದೊಂದೇ ಸಲ.

ಒಂದು ಗಂಟೆಯೊಳಗೆ ಇನ್ಸ್‌ಪೆಕ್ಟರಮ್ಮ ಅಂಗಳದಲ್ಲಿದ್ದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಹೆಸರು ಅದೇ ಉಳಿದಿತ್ತು. ಕಳ್ಳರನ್ನು ಹಿಡಿದಷ್ಟು ಸಲೀಸಾಗಿ ಅವರಿಗೆ ಗಿಡ ಸಾಕಲು ಬರುತ್ತಿರಲಿಲ್ಲ. ಈ ಮನೆಯಿಂದ ಒಂಬತ್ತು ಕುಂಡ ಒಯ್ದು ಒಂಬತ್ತು ಗಿಡ ಒಣಗಿಸಿದ್ದರು. "ಅಮ್ಮಾ, ನಿಮ್ಮ ಕೈಗೆ ಪ್ಲಾಸ್ಟಿಕ್ ಗಿಡ ಕೊಟ್ಟರೂ ಬಾಡುತ್ತೆ" ಎಂದು ನಗುತ್ತಿದ್ದಳು ಆ ಮಗಳು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಇನ್ಸ್‌ಪೆಕ್ಟರಮ್ಮನಿಗೆ ಅದು ನೆನಪಾಯಿತು.

"ಹುಡುಕೋದೇನೂ ಬೇಡ" ಎಂದರು ಯಜಮಾನರು. "ಕಳ್ಳ ಇಲ್ಲೇ ಇದಾನೆ. ನಿಮ್ಮೆದುರಿಗೆ ಒಪ್ಕೊಂಡು ಹೊರಡಲಿ ಅಂತ ಕರೆಸಿದೆ."

ಅವರು ಬೆರಳು ತೋರಿಸಿದ್ದು ಅಳಿಯನ ಕಡೆಗೆ.

"ಯಾಕೆ ಇವನೇ ಅಂತೀರಿ?"

"ನಿನ್ನೆ ಸಂಜೆ ಭಟ್ಟಿ ಆರಲಿ ಅಂತ ಮೇಲಿನ ಇಟ್ಟಿಗೆ ಸಡಿಲಿಸಿದೋನು ಇವನು. ಜೊತೆಗೆ ಇನ್ಯಾರೂ ಇರಲಿಲ್ಲ. ಹೆಂಡತಿ ಹೋದಮೇಲೆ ಇಲ್ಲಿ ಇವನಿಗೇನು ಋಣ? ಕೈಗೆ ಸಿಕ್ಕಿದ್ದು ಬಾಚ್ಕೊಂಡು ಹೋಗೋ ಯೋಚನೆ!"

ಅಳಿಯ ತಲೆ ಎತ್ತಲಿಲ್ಲ. ಅಪ್ಪ ಅಮ್ಮ ಇಲ್ಲದವನು. ಹನ್ನೆರಡು ವರ್ಷದಿಂದ ಇದೇ ಅವನ ಮನೆ.

"ಏನಪ್ಪಾ, ನೀನು ತಗೊಂಡ್ಯಾ?"

"ಇಲ್ಲ ಮೇಡಂ."

"ಯಾರು ತಗೊಂಡಿರಬಹುದು?"

ಅವನ ಕಣ್ಣು ಒಂದು ಸಲ ಕೆಲಸದ ಕೋಣೆಯ ಕಡೆ ಹೋಗಿ ಬಂತು. "ಮಾವ ಹೋಗು ಅಂದ್ರೆ ಹೋಗ್ತೀನಿ. ಬೇರೇನೂ ಕೇಳಬೇಡಿ."

ಕದಿಯದವನು ಯಾಕೆ ಬಾಯಿಗೆ ಬೀಗ ಹಾಕಿಕೊಂಡ?

ಯಜಮಾನರ ತಮ್ಮನನ್ನು ಬೀದಿಯೆಲ್ಲ ಹೊಗೆಯಣ್ಣ ಎನ್ನುತ್ತಿತ್ತು. ಭಟ್ಟಿ ಉರಿಸಿ ಉರಿಸಿ ರೆಪ್ಪೆಯ ಕೂದಲನ್ನೂ ಕಳೆದುಕೊಂಡಿದ್ದ ಮನುಷ್ಯ.

"ಆ ಕುಂಡ ನಂಗೆ ಕೊಡಿಸಿ ಅಂತ ಗಿರಾಕಿಯೊಬ್ಬ ನಿನ್ನ ಬೆನ್ನು ಬಿದ್ದಿದ್ದನಂತೆ?"

"ಬಿದ್ದಿದ್ದ, ಮೇಡಂ. ಅಣ್ಣನ ಕಿವಿಗೂ ಹಾಕಿದೆ. ಮಣ್ಣಿನ ಮುದ್ದೆ ಎತ್ತಿ ನನ್ನ ಮೇಲೆ ಎಸೆದ—ಅಲ್ಲಿಗೆ ಆ ಮಾತು ಮುಗೀತು!"

"ಇವತ್ತು ಬೆಳಗ್ಗೆ ಎಲ್ಲಿದ್ದೆ?"

"ಕತ್ತಲು ಹರಿಯೋ ಮೊದಲೇ ನಾನೂ ಅಳಿಯನೂ ಸೌದೆ ತರೋಕೆ ಹೋದ್ವಿ. ವಾಪಸ್ ಬಂದಾಗ ಅಣ್ಣ ಕೂಗಾಡ್ತಿದ್ದ."

"ದಾರೀಲಿ ಅಳಿಯ ನಿನ್ನ ಬಿಟ್ಟು ಎಲ್ಲಾದ್ರೂ ಹೋದ್ನಾ?"

"ಎಲ್ಲಿಗೂ ಇಲ್ಲ. ಪಕ್ಕದಲ್ಲೇ ಇದ್ದ."

ಇನ್ಸ್‌ಪೆಕ್ಟರಮ್ಮ ಕೆಲಸದ ಕೋಣೆಗೆ ಹೋದರು. ನೆಲ ಗುಡಿಸಿತ್ತು. ಉಪಕರಣಗಳೆಲ್ಲ ತೊಳೆದು ಸಾಲಾಗಿದ್ದವು. ಗೋಡೆಯ ಮೊಳೆಗಳಿಗೆ ಎರಡು ಅಳತೆಕೋಲುಗಳು ತೂಗುಬಿದ್ದಿದ್ದವು. ಒಂದನ್ನು ಇಳಿಸಿ ಬಾಗಿಲ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದರು.

ಹಿತ್ತಲ ಕಟ್ಟೆಯ ತುಂಬ ಮರಳು ಹಾಸಿತ್ತು. ಅದರ ಮೇಲೊಂದು ಹಲಗೆಪೆಟ್ಟಿಗೆ. ಪೆಟ್ಟಿಗೆಯ ತಳ ಕೊಳೆತು ಲಡ್ಡಾಗಿತ್ತು. ಒಳಗಿದ್ದ ದಾಳಿಂಬೆ ಮೊಣಕಾಲೆತ್ತರವೂ ಇರಲಿಲ್ಲ, ಆದರೆ ಕೊಂಬೆಕೊಂಬೆಗೂ ಕೆಂಪು ಚಿಗುರು ಕಣ್ಣುಬಿಡುತ್ತಿತ್ತು. ಈ ವಾರವೇ ಹೊಸ ಕುಂಡಕ್ಕೆ ಇಳಿಸಬೇಕಿದ್ದ ಮರ. ಪೆಟ್ಟಿಗೆಯ ಪಕ್ಕದ ಒದ್ದೆ ಮರಳಿನಲ್ಲಿ ನಾಲ್ಕು ಸಣ್ಣ ಚೌಕ ಗುರುತುಗಳು ಅಚ್ಚೊತ್ತಿದ್ದವು. ಇನ್ಸ್‌ಪೆಕ್ಟರಮ್ಮ ಕೋಲಿಟ್ಟು ಅಳೆದರು.

ಯಜಮಾನರ ಹೆಂಡತಿ ಹಿಂದೆ ಬಂದು ನಿಂತಿದ್ದರು.

"ಅಕ್ಕಾ, ಈ ಮರಕ್ಕೆ ನೀರು ಹಾಕೋದು ಯಾರು?"

"ನಾನೇ. ಅವಳು ಹೋದಾಗಿಂದ ನಾನೇ."

"ಇವತ್ತು?"

"ಬೆಳಕು ಹರಿದಮೇಲೆ ಹಾಕಿದೆ."

"ಮರಳಿನ ಮೇಲೂ ಬೀಳುತ್ತಲ್ಲ?"

"ಜರಡಿ ಮೂತಿ ಡಬ್ಬ. ಕಟ್ಟೆಯೆಲ್ಲ ನೆನೆಯುತ್ತೆ" ಎಂದವರು, ಕೋಲನ್ನೂ ಮರಳನ್ನೂ ನೋಡಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು.

ಇನ್ಸ್‌ಪೆಕ್ಟರಮ್ಮನಿಗೆ ಸಂಕಟವಾಯಿತು. ನಿಜ ಹೇಳಿದರೆ ಮುದುಕನ ಎದೆಗೆ ಪೆಟ್ಟು. ಹೇಳದಿದ್ದರೆ ತಪ್ಪಿಲ್ಲದವನು ಬೀದಿಪಾಲು. ಸರ್ವೀಸಿನಲ್ಲಿ ಇಂಥ ಹೊತ್ತಿನಲ್ಲಿ ಒಂದು ಫೈಲಿನ ಮರೆಯಾದರೂ ಇರುತ್ತಿತ್ತು! ಎಲ್ಲರನ್ನೂ ಹಿತ್ತಲಿಗೆ ಕರೆದರು.

"ಯಜಮಾನ್ರೇ, ನಿಮ್ಮ ಹತ್ರ ಎರಡು ಕೋಲು ಯಾಕಿವೆ?"

"ಮಣ್ಣು ಸುಟ್ಟಾಗ ಎಂಟರಲ್ಲಿ ಒಂದು ಪಾಲು ಕುಗ್ಗುತ್ತೆ. ಮರ ಅಳೆಯೋಕೆ ಒಂದು ಕೋಲು. ಹಸಿಮಣ್ಣಿಗೆ ಇನ್ನೊಂದು, ಅದರಲ್ಲಿ ಗೀರುಗಳು ಇನ್ನೂ ದೂರ ದೂರ. ಮರಕ್ಕೆ ಹದಿನಾರು ಗೀರು ಬೇಕಾದ್ರೆ ಮಣ್ಣಿನ ಕೋಲಲ್ಲಿ ಹದಿನಾರು ಅಳೀತೀವಿ. ಸುಟ್ಟಮೇಲೆ ಸರಿಯಾಗುತ್ತೆ. ಇದನ್ನ ಕಲಿಯೋಕೆ ಬಂದ್ರಾ?"

"ಅಂದ್ರೆ ಮರ ಅಳೆಯೋ ಕೋಲಿಗೆ ಮಣ್ಣು ತಾಗಬಾರದು?"

"ಯಾವತ್ತೂ ತಾಗಬಾರದು."

"ತಾಗಿದೆ. ನೋಡಿ." ಅವರು ಕೋಲನ್ನು ಮುಂದೆ ಹಿಡಿದರು. ಹದಿನಾರನೇ ಗೀರಿನವರೆಗೆ ಒಣಗಿದ ಮಣ್ಣು ಮೆತ್ತಿತ್ತು. "ಕುಂಡ ಕದ್ದವನ ಬಗ್ಗೇನೇ ಎಲ್ಲರೂ ಯೋಚಿಸಿದ್ರಿ. ಅದನ್ನ ಮಾಡಿದ ಕೋಲನ್ನ ಯಾರೂ ನೋಡಲಿಲ್ಲ—ಒಬ್ಬನ್ನ ಬಿಟ್ಟು. ಈ ಮರಳಲ್ಲಿ ಕುಂಡದ ನಾಲ್ಕು ಕಾಲಿನ ಗುರುತಿದೆ. ಅಂಚಿಂದ ಅಂಚಿಗೆ ಹದಿನಾಲ್ಕೇ ಗೀರು, ಹದಿನಾರು ಸುಟ್ಟು ಕುಗ್ಗಿದ್ದು. ತಂದಿಟ್ಟು ನೋಡಿದವರಿಗೆ ಈ ಬೇರು ಅದರಲ್ಲಿ ಹಿಡಿಯಲ್ಲ ಅಂತ ತಕ್ಷಣ ಗೊತ್ತಾಗಿದೆ. ಮಾರೋ ಕಳ್ಳ ಕುಂಡವನ್ನ ಮರದ ಪಕ್ಕ ಇಟ್ಟು ನೋಡ್ತಾನಾ?"

ಇನ್ಸ್‌ಪೆಕ್ಟರಮ್ಮ ಒದ್ದೆ ಮರಳಿಗೆ ಬೆರಳು ತೋರಿಸಿದರು.

"ನೀರು ಬಿದ್ದಿದ್ರೆ ಗುರುತು ಅಳಿಸಿಹೋಗ್ತಿತ್ತು. ಅಂದ್ರೆ ಇದು ಬೆಳಗ್ಗೆ ನೀರು ಹಾಕಿದ ಮೇಲೆ ಮೂಡಿದ್ದು. ಆಗ ಅಳಿಯನೂ ಹೊಗೆಯಣ್ಣನೂ ಸೌದೆ ತರೋಕೆ ಹೋಗಿದ್ರು. ಮನೇಲಿದ್ದದ್ದು ಗಂಡ ಹೆಂಡತಿ ಇಬ್ಬರೇ. ಕುಂಡ ತೆಗೆದದ್ದು ಅಕ್ಕ."

"ನೀನಾ?" ಯಜಮಾನರು ಹೆಂಡತಿಯ ಕಡೆ ತಿರುಗಿದರು.

"ಮಗಳ ಕುಂಡ ಹೇಗೆ ಬಂದಿದೆಯೋ ಅಂತ ಜೀವ ತಡೀಲಿಲ್ಲ ರೀ" ಎಂದರು ಹೆಂಡತಿ. "ಕಂಡ ತಕ್ಷಣ ಎದೆ ಒಡೀತು. ಇದು ನಿಮಗೆ ಗೊತ್ತಾದ್ರೆ ಮತ್ತೆ ಮಣ್ಣು ಮುಟ್ಟಲ್ಲ, ಮೂಲೆ ಹಿಡೀತೀರಿ ಅಂತ ಭಯ. ಒಡೆದುಹಾಕಿ, ಭಟ್ಟೀಲಿ ಸೀಳಿತ್ತು ಅಂದುಬಿಡೋಣ ಅಂತ ಸುತ್ತಿಗೆ ತಗೊಂಡೆ. ಕೈ ಬರಲಿಲ್ಲ. ಅಕ್ಕಿ ಡ್ರಮ್ಮಲ್ಲಿ ಹುಗಿದು, ಭಟ್ಟಿಯ ಇಟ್ಟಿಗೆ ಮತ್ತೆ ಜೋಡಿಸಿದೆ. ಅಷ್ಟರಲ್ಲಿ ನೀವು ಇವನ ಮೇಲೆ ಹಾರಿಬಿದ್ರಿ... ನನ್ನ ಬಾಯಿ ಬಿದ್ದುಹೋಯ್ತು."

ಇನ್ಸ್‌ಪೆಕ್ಟರಮ್ಮ ಅಳಿಯನ ಕಡೆ ತಿರುಗಿದರು. "ನೀನು ಕೋಲು ನೋಡಿದ್ದೆ. ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಮಾವ ತಪ್ಪು ಕೋಲು ಹಿಡಿದ್ರು ಅಂತಾನಾ?" ಎಂದ ಅವನು. "ಕುಂಡ ಸಿಕ್ಕಿದ್ರೆ ಅದೂ ಬಯಲಾಗ್ತಿತ್ತು. ಕಳ್ಳ ಅನ್ನಿಸ್ಕೊಂಡ್ರೆ ನಾನು ಹೇಗೋ ಬದುಕ್ತೀನಿ."

ಯಜಮಾನರು ಕಟ್ಟೆಯ ಅಂಚಿನಲ್ಲಿ ಕೂತರು. ಇನ್ಸ್‌ಪೆಕ್ಟರಮ್ಮನ ಕೈಯಿಂದ ಕೋಲು ಇಸಕೊಂಡರು.

"ಇಪ್ಪತ್ತು ವರ್ಷ ಕೋಲು ಕೊಟ್ಟಿದ್ದು ಮಗಳು. ನಾನು ತಿರುಗಿ ನೋಡ್ತಿರಲಿಲ್ಲ. ಹಿಂದಕ್ಕೆ ಕೈ ಚಾಚ್ತಿದ್ದೆ, ಬೇಕಾದ ಕೋಲು ಬಂದು ಕೈಲಿರ್ತಿತ್ತು. ಈ ಕುಂಡ ಮಾಡೋವಾಗ್ಲೂ ಚಾಚಿದೆ. ಎಷ್ಟು ಹೊತ್ತು ಹಾಗೇ ಇದ್ನೋ ಗೊತ್ತಿಲ್ಲ. ಆಮೇಲೆ ಕಣ್ಣು ಮಂಜಾಗಿ, ಸಿಕ್ಕಿದ್ದು ಎಳ್ಕೊಂಡೆ."

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹೊಗೆಯಣ್ಣ ಗೋಡೆಯ ಕಡೆ ತಿರುಗಿದ.

ಯಜಮಾನರು ಅಳಿಯನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ನಿನ್ನ ಕಳ್ಳ ಅಂದುಬಿಟ್ಟೆ ಕಣೋ. ಎಲ್ಲಿಗೂ ಹೋಗಬೇಡ. ನಾಳೆ ಮಣ್ಣು ಕಲಸು, ಇನ್ನೊಂದು ಮಾಡೋಣ."

"ಆಗಲಿ ಮಾವ. ನಾನು ನಿಮ್ಮ ಹಿಂದೇನೇ ನಿಂತಿರ್ತೀನಿ. ಕೋಲು ನಾನು ಕೊಡ್ತೀನಿ."

"ನಿಂತಿರು" ಎಂದರು ಯಜಮಾನರು. "ಆದ್ರೆ ಕೋಲು ಮಾತ್ರ ಕೊಡಬೇಡ. ನಾನೇ ತಿರುಗಿ ನೋಡಿ ತಗೋತೀನಿ. ಅವಳಿಲ್ಲ ಅನ್ನೋದನ್ನ ನಾನು ಇನ್ನೂ ನೋಡಿಲ್ಲ."