ಜ್ವರ ಎದ್ದ ಬೆಳಿಗ್ಗೆ

ಕೆಂಚಾರ್ಲಹಳ್ಳಿಯ ಆ ರೇಷ್ಮೆ ಹುಳದ ಮನೆಯೊಳಗೆ ನೀರಿನ ಸಂಪಿನ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ನೀರಿನಲ್ಲಿ ಲಕ್ಷ್ಮೀನರಸಮ್ಮನ ಹೆಣ. ಅಂಚಿನಲ್ಲಿ ಕಳಚಿ ಬಿದ್ದ, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್.

"ನಾನೇ ಅಜ್ಜೀನ ಸಾಯಿಸ್ಬಿಟ್ಟೆ ಮೇಡಂ," ಎಂದಳು ಮೊಮ್ಮಗಳು ಧನುಶ್ರೀ.

ಸಬ್ ಇನ್‌ಸ್ಪೆಕ್ಟರ್ ತನುಜ ಅವಳನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟಳು.

ಅಜ್ಜ ಮುನಿಶಾಮಪ್ಪ ತೀರಿಕೊಳ್ಳುವ ಮುಂಚೆ ಆ ಹುಳದ ಮನೆಯ ಕೋಣೆಯಲ್ಲೇ ಧನುಶ್ರೀ ಅವನ ವಿಡಿಯೊ ಮಾಡಿದ್ದಳು. ಹೆಡ್‌ಸೆಟ್ ಹಾಕಿಕೊಂಡರೆ ನಿಜವಾದ ಕೋಣೆಯೇ ಕಾಣುತ್ತಿತ್ತು, ಅದರೊಳಗೆ ಚಾಪೆಯ ಮೇಲೆ ಕೂತ ಅಜ್ಜನೂ ಕಾಣುತ್ತಿದ್ದ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗಿದಾಗ, ಅವು ಜ್ವರ ಎದ್ದು ಮತ್ತೆ ಸೊಪ್ಪು ಕೇಳುವವರೆಗೆ ಅಜ್ಜಿಗೆ ಬಿಡುವು. ಆಗೆಲ್ಲ ಬಂದು ಗಂಡನೆದುರು ಕೂರುತ್ತಿದ್ದಳು.

"ಚಾಪೆಯಷ್ಟೇ ವಿಡಿಯೊ, ಮಿಕ್ಕಿದ್ದೆಲ್ಲ ನಮ್ಮ ಕೋಣೆ ಕಾಣೋ ಹಂಗೆ ಇಟ್ಟಿದ್ದೆ. ಇಟ್ಟಿದ್ನೋ ಇಲ್ವೋ, ಈಗ ಡೌಟು."

ಹೆಣ ಎತ್ತಿಸಿದ ಮೇಲೆ ತನುಜ ಒಳಗೆ ಹೋಗಿ ಹೆಡ್‌ಸೆಟ್ ಹಾಕಿಕೊಂಡಳು. ಮುದುಕ ನಗುತ್ತಾ ಚಾಪೆ ತಟ್ಟಿದ. "ಬಾರೇ, ಇಲ್ಲಿ ಕೂತ್ಕೋ." ಅವನ ಮುಂದೆ ಚಪ್ಪಡಿ ಭದ್ರವಾಗಿ ಮುಚ್ಚಿತ್ತು. ತನುಜ ಲಾಠಿ ಊರಿದಳು. ಲಾಠಿ ಸೀದಾ ಸಂಪಿನೊಳಕ್ಕೆ ಇಳಿಯಿತು. ವಿಡಿಯೊದ ನೆಲ ನಿಜದ ನೆಲವನ್ನು ಮರೆಮಾಡಿತ್ತು.

"ಚಪ್ಪಡಿ ಅಜ್ಜಿ ಸರಿಸ್ತಿದ್ರಾ?"

"ಎಲ್ಲಿ ಮೇಡಂ, ನಂಗೇ ಅಲ್ಲಾಡಲ್ಲ. ಕೋನಪ್ಪನೇ ಬರ್ಬೇಕು."

ಆಳು ಕೋನಪ್ಪನನ್ನು ಕರೆಸಿದರು. ಹುಳ ಜ್ವರಕ್ಕೆ ಕೂತ ಮೇಲೆ ಅವನು ಚಿಂತಾಮಣಿಯ ಮಗಳ ಮನೆಗೆ ಹೋಗಿದ್ದ. ಹೆಡ್‌ಸೆಟ್ ಮುಟ್ಟಿದವನೂ ಅಲ್ಲ.

"ಈ ಹೆಡ್‌ಸೆಟ್ ಹೊಂದಿಸೋದು ಇನ್ಯಾರಿಗೆ ಗೊತ್ತಮ್ಮ?" ಎಂದು ತನುಜ ಧನುಶ್ರೀಯನ್ನು ಕೇಳಿದಳು.

"ಚಿಕ್ಕಪ್ಪಂಗೆ. ಯುಗಾದೀಲಿ ನಾನೇ ತೋರಿಸ್ಕೊಟ್ಟೆ."

* * *

ಚಿಕ್ಕಪ್ಪ ಮಧುಕುಮಾರ್ ಮಧ್ಯಾಹ್ನ ಬಂದ. ಹುಳದ ಮನೆಗೆ ಪೊಲೀಸರು ಬೀಗ ಹಾಕಿದ್ದರು. ಜಗಲಿಯಲ್ಲೇ ಕೂತು ಗೋಳಾಡಿದ.

"ಬೆಳಿಗ್ಗೆ ಎಲ್ಲಿದ್ರಿ?"

"ಕುಡುಮಲಕುಂಟೆ ಫ್ಯಾಕ್ಟರೀಲಿ. ಈ ಕಡೆ ಬಂದು ತಿಂಗಳಾಯ್ತು. ತೋಟ ಮಾರೋಣ ಅಂದಿದ್ದಕ್ಕೆ ಅಮ್ಮ ಮಾತೇ ಬಿಟ್ಟಿದ್ಲು."

"ಇವತ್ತು ನಿಮ್ಮಮ್ಮ ಹುಳದ ಮನೆ ಒಳಗೆ ಯಾಕೆ ಹೋಗಿರ್ಬೋದು?"

"ಹುಳ ಜ್ವರ ಎದ್ದಿದ್ವಲ್ಲ ಮೇಡಂ. ಸೊಪ್ಪು ಹಾಕೋಕೆ ಹೋಗಿರ್ತಾಳೆ."

ತನುಜ ಶಿಡ್ಲಘಟ್ಟದ ಹುಳದ ಮನೆಯಲ್ಲೇ ಬೆಳೆದವಳು. ಧನುಶ್ರೀ ಕಡೆ ತಿರುಗಿದಳು.

"ಹುಳ ಯಾವಾಗ ಏಳ್ತವೆ ಅಂದಿದ್ರು ಅಜ್ಜಿ?"

"ನಾಳೆ ಅಂದಿದ್ರು."

"ಸೆಕೆಗೆ ಇವತ್ತೇ ಎದ್ದಿವೆ. ಬೀಗ ಹಾಕೋವಾಗ ನಾನು ನೋಡ್ದೆ. ಹೆಣ ಕಂಡ ಈ ಹುಡುಗಿ ಹುಳದ ತಟ್ಟೆಗಳ ಕಡೆ ತಿರುಗೂ ನೋಡಿಲ್ಲ. ತಿಂಗಳಿಂದ ಬಾರದೇ ಇರೋ ನಿಮಗೆ ಹೇಗೆ ಗೊತ್ತಾಯ್ತು?"

ಅವನ ಅಳು ಗಕ್ಕನೆ ನಿಂತಿತು.

"ಫ್ಯಾಕ್ಟರಿಗೂ ಫೋನ್ ಮಾಡಿದ್ದೆ. ಇವತ್ತು ನೀವು ಡ್ಯೂಟಿಗೇ ಹೋಗಿಲ್ಲ. ಇಲ್ಲಿ ಬಂದು ಚಪ್ಪಡಿ ಸರಿಸಿದ್ರಿ. ವಿಡಿಯೊ ಹಿಗ್ಗಿಸಿ ಗುಂಡಿ ಮರೆಮಾಡಿದ್ರಿ. ಮಿಕ್ಕಿದ್ದು ನಿಮ್ಮಪ್ಪನೇ ಮಾಡಿದ. ಬಾ ಅಂತ ಕರೆದ."

"ತೋಟ ಬಿಡಲ್ಲ ಅಂದ್ಲು," ಎಂದ ಮಧುಕುಮಾರ್ ನೆಲ ನೋಡುತ್ತಾ. "ನಿಮ್ಮಪ್ಪ ಇಲ್ಲೇ ಕೂತವ್ನೆ, ನಾನೆಲ್ಲಿಗೆ ಹೋಗ್ಲಿ ಅಂದ್ಲು."

ಹೆತ್ತವಳನ್ನು ಸತ್ತ ಅಪ್ಪನ ಬಾಯಿಂದಲೇ ಕರೆಸಿ ಕೊಂದವನು. ಅವನ ಕೈಗೆ ಬೇಡಿ ಬಿತ್ತು.

* * *

"ನೀನು ಇಟ್ಟಿದ್ದು ಸರಿಯಾಗೇ ಇತ್ತು ಕಣಮ್ಮ," ಎಂದಳು ತನುಜ.

ಬೆಳಿಗ್ಗೆಯಿಂದ ಕಲ್ಲಾಗಿದ್ದ ಹುಡುಗಿ ಈಗ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಕೇಳಿದಳು:

"ಬೀಗ ತೆಗಿಸ್ತೀರಾ ಮೇಡಂ? ಸೊಪ್ಪು ಹಾಕ್ಬೇಕು. ಹುಳ ಹಸ್ಕೊಂಡಿರ್ತವೆ."