ಮಂಗ ಓಡಿಸುವ ಕೂಗು

"ಅಯ್ಯೋ... ಯಾರನ್ನು ಕೊಲ್ತಾ ಇದ್ದಾರೆ?"

ಉಜಿರೆಯಿಂದ ಹೊರಟ ಬಸ್ಸಿನಲ್ಲಿ ತ್ರಿಶಾ ಹಾಗೆ ಕೇಳಿದ್ದು ಪಕ್ಕದ ಸೀಟಿನ ಹುಡುಗನನ್ನು. ಅವನ ಇಯರ್‌ಫೋನ್ ವಯರು ಕಳಚಿ, ಮೊಬೈಲಿನೊಳಗಿನ ಹೆಂಗಸಿನ ಕಿರುಚಾಟ ಬಸ್ಸಿಗೆಲ್ಲ ಕೇಳಿಸಿತ್ತು.

"ಕೊಲೆ ಅಲ್ಲ, ಹಾಡು. ಜಾನಿಸ್ ಜಾಪ್ಲಿನ್," ಎಂದ ಅವನು, ಕಿವಿಯವರೆಗೆ ಕೆಂಪಾಗಿ. "ರಾಕ್ ಸಂಗೀತದಲ್ಲಿ ಇವಳಿಗಿಂತ ದೊಡ್ಡ ಗಾಯಕರು ಯಾರೂ ಇಲ್ಲ."

"ಫ್ರೆಡ್ಡಿ ಮರ್ಕ್ಯುರಿ ಹೆಸರು ಕೇಳಿದ್ದೀಯಾ ಮಾರಾಯ?"

ಅಲ್ಲಿಂದ ಶುರುವಾಯಿತು. ಹುಡುಗನ ಹೆಸರು ದಯಾನಂದ, ಅವಳದ್ದೇ ಕಾಲೇಜು, ಊರು ನೆರಿಯ, ಬಾಡಿಗೆ ಕೋಣೆ ಲಾಯಿಲದಲ್ಲಿ. ತ್ರಿಶಾ ಮೂಡುಬಿದಿರೆಯ ಜೈನರ ಮನೆಯ ಹುಡುಗಿ. ಲಾಯಿಲ ಬರುವ ತನಕ ದಿನಾ ಫ್ರೆಡ್ಡಿ ದೊಡ್ಡವನೋ ಜಾನಿಸ್ ದೊಡ್ಡವಳೋ ಎಂಬ ಜಗಳ. ಅವನು ಇಳಿದ ಮೇಲೆ ಉಳಿದ ದಾರಿ ಉದ್ದ ಅನ್ನಿಸತೊಡಗಿದಾಗ, ವಿಷಯ ಬರೀ ರಾಕ್ ಅಲ್ಲವೆಂದು ಅವಳಿಗೂ ಗೊತ್ತಾಯಿತು. ಒಪ್ಪಿಕೊಳ್ಳಲಿಲ್ಲ ಅಷ್ಟೆ. ಸೋಲುವುದು ನಮ್ಮ ತ್ರಿಶಾಳಿಗೆ ಹುಟ್ಟಿನಿಂದಲೇ ಆಗದ ಕೆಲಸ.

ಒಂದು ಸಂಜೆ ಅವನು ಮೆಲ್ಲಗೆ ಹೇಳಿದ.

"ನಗಬೇಡ. ಜಾನಿಸ್ ಹಾಡುವಾಗ ನನಗೆ ಅಮ್ಮನ ನೆನಪಾಗ್ತದೆ. ಕಾಡಿನ ಬದಿಯ ಗದ್ದೆ ನಮ್ಮದು. ಮಂಗ ಬಂದರೆ ಅಮ್ಮ ಕೂಗಿ ಓಡಿಸ್ತಾರೆ. ಅಪ್ಪ ತೀರಿಹೋದ ವರ್ಷ ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಆ ಕೂಗು ಬೇರೆಯೇ ಆಗಿತ್ತು... ಇದನ್ನು ನಿನಗೆ ಮಾತ್ರ ಹೇಳಿದ್ದು."

ತ್ರಿಶಾ ನಗಲಿಲ್ಲ. ಅವನ ಕೈ ಮೇಲೆ ಕೈ ಇಟ್ಟವಳು ಲಾಯಿಲ ಬರುವವರೆಗೂ ತೆಗೆಯಲಿಲ್ಲ.

ಅದೇ ತ್ರಿಶಾ ಮುಂದೆ ಮಾಡಿದ್ದು ನೋಡಿ!

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟರು. ಸಾರ್ವಕಾಲಿಕ ಶ್ರೇಷ್ಠ ರಾಕ್ ಗಾಯಕರು ಯಾರು? ಫ್ರೆಡ್ಡಿಯ ಪರ ಅವಳು, ಜಾನಿಸ್ ಪರ ಅವನು. ದಯಾ ನಿಧಾನ ಮಾತಿನವ. ಆ ದಿನ ಮಾತು ಸಾಲದೆ ಎರಡು ಸಾಲು ಹಾಡಿಯೇಬಿಟ್ಟ. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

'ಸೋಲ್ತೇನೆ...' ಅನ್ನಿಸಿದ್ದೇ ತಡ, ತ್ರಿಶಾ ಮೈಕ್ ಎಳೆದುಕೊಂಡಳು.

"ಗದ್ದೆಯಲ್ಲಿ ಮಂಗ ಓಡಿಸ್ಲಿಕ್ಕೆ ಇವನ ಅಮ್ಮ ಹೀಗೇ ಕೂಗುವುದಂತೆ. ಹಾಗಾದರೆ ಬಹುಮಾನ ಅವರಿಗೇ ಕೊಡುವ."

ಸಭೆಗೆ ಸಭೆಯೇ ನಕ್ಕಿತು. ದಯಾ ಸಿಟ್ಟಾಗಲಿಲ್ಲ. ಅವಳನ್ನು ಒಮ್ಮೆ ನೋಡಿ ಕುಳಿತುಕೊಂಡ. ಬಹುಮಾನದ ಕಪ್ಪು ಅವಳಿಗೆ ಬಂತು. ಮರುದಿನದಿಂದ ಅವನು ಬೇರೆ ಬಸ್ಸು ಹಿಡಿದ.

ಕಪ್ಪನ್ನು ಅವಳು ಬಟ್ಟೆಗಳ ಹಿಂದೆ ತುರುಕಿದಳು. ಕಪಾಟು ತೆರೆದಾಗೆಲ್ಲ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಊಟಕ್ಕೆ ಕುಳಿತರೆ ಆ ನಗು ಕೇಳುತ್ತಿತ್ತು. 'ಅವನು ನಂಬಿ ಕೊಟ್ಟದ್ದನ್ನೇ ಕಲ್ಲು ಮಾಡಿ ಹೊಡೆದೆನಲ್ಲ...' ಕ್ಷಮಿಸು ಎಂದು ಬರೆದಳು, ಅಳಿಸಿದಳು. ಮತ್ತೆ ಬರೆದು ಮತ್ತೆ ಅಳಿಸಿದಳು.

ಸೆಪ್ಟೆಂಬರಿನಲ್ಲಿ ಕ್ಷಮಾವಾಣಿ ಬಂತು. ಜೈನರು ವರ್ಷದ ತಪ್ಪುಗಳಿಗೆ ಒಬ್ಬರಲ್ಲೊಬ್ಬರು ಕ್ಷಮೆ ಕೇಳುವ ದಿನ. 'ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ' ಎಂಬ ಹೂವಿನ ಚಿತ್ರವೊಂದನ್ನು ತ್ರಿಶಾ ಮೊಬೈಲಿನಲ್ಲಿದ್ದ ಎಲ್ಲರಿಗೂ ಕಳಿಸಿದಳು. ಆ ಗುಂಪಿನ ನಡುವೆ ಅವನ ಹೆಸರನ್ನೂ ಸೇರಿಸಿದಳು, ಜಾಣೆ.

ಉತ್ತರ ಬಂತು. ಒಂದೇ ಪದ.

"ಯಾವುದಕ್ಕೆ?"

ಮೊಮ್ಮಗಳ ಮುಖ ನೋಡಿ ಅಜ್ಜಿ ಕಮಲಾವತಿ ವಿಷಯ ಕೇಳಿದರು. ಅವಳು ಹೇಳಿದ್ದನ್ನೆಲ್ಲ ಕೇಳಿ, "ಊರಿಗೆಲ್ಲ ಕಳಿಸಿದ್ದನ್ನೇ ಅವನಿಗೂ ಕಳಿಸಿದ್ದಾ? ನಮ್ಮ ಕಾಲದಲ್ಲಿ ಮನೆಗೇ ಹೋಗ್ತಿದ್ದೆವು ಮಗಾ," ಎಂದರು.

ಭಾನುವಾರ ಅವಳು ನೆರಿಯಕ್ಕೆ ಹೋದಳು. ದಯಾನ ಅಮ್ಮ ಕಾವೇರಮ್ಮ ಗದ್ದೆಯ ಬದುವಿನಲ್ಲಿದ್ದರು. ತ್ರಿಶಾ ತನ್ನ ಹೆಸರು ಹೇಳಿದಳು.

"ನೀನಾ ತ್ರಿಶಾ? ಬಾ ಮಗಾ. ದಯಾ ಅಂಗಡಿಗೆ ಹೋಗಿದ್ದಾನೆ. ನೀನು ತುಂಬ ಚೆಂದ ಮಾತಾಡ್ತಿ, ಗೆದ್ದೆ ಅಂತ ಹೇಳಿದ."

ಅಷ್ಟೇ ಹೇಳಿದ್ದನೇ! ಉಳಿದದ್ದನ್ನು ಅಮ್ಮನ ಕಿವಿಗೆ ಹಾಕಿಯೇ ಇರಲಿಲ್ಲ. ತ್ರಿಶಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ಸುಮ್ಮನಿದ್ದರೆ ಇವರಿಗೆ ಎಂದೂ ಗೊತ್ತಾಗುವುದಿಲ್ಲ... ಆದರೆ ಅವನ ಪ್ರಶ್ನೆ ಹಾಗೇ ಉಳಿಯುತ್ತದೆ.

"ಅಮ್ಮ, ನಿಮ್ಮ ಕೂಗಿನ ವಿಷಯ ಹೇಳಿ ಇಡೀ ಕಾಲೇಜನ್ನು ನಗಿಸಿದೆ. ದಯಾ ನನ್ನೊಬ್ಬಳಿಗೇ ಹೇಳಿದ್ದು ಅದು. ಗೆಲ್ಲಲಿಕ್ಕೆ ಹಾಗೆ ಮಾಡಿದೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಮಾಡಿದೆ."

ಕಾವೇರಮ್ಮನಿಗೆ ನೋವಾಗಿತ್ತು, ಅದನ್ನು ಅಡಗಿಸಲೂ ಇಲ್ಲ.

"ಕೂಗದಿದ್ದರೆ ನಮಗೆ ಗಂಜಿಗೆ ಅಕ್ಕಿ ಇಲ್ಲ," ಎಂದರು. ಮರದಿಂದ ಮಂಗಗಳು ಗದ್ದೆಗೆ ಇಳಿಯುತ್ತಿದ್ದವು. "ಅಗೋ, ಬಂದವು. ಈಗ ನೀನು ಕೂಗು ನೋಡುವ."

ತ್ರಿಶಾ ಕೂಗಿದಳು. ಸ್ವರ ನಡುವಲ್ಲೇ ಹರಿದುಹೋಯಿತು. ಮಂಗಗಳು ತಲೆ ಕೆರೆದುಕೊಂಡು ಅವಳನ್ನೇ ನೋಡಿದವು. ಮತ್ತೆ ಕೂಗಿದಳು... ಈ ಸಲ ಕೂಗಿನ ಜೊತೆ ಅಳುವೂ ಬಂತು, ನಿಲ್ಲಲಿಲ್ಲ.

"ಉತ್ತರ ಸಿಕ್ಕಿತು," ಎಂಬ ದನಿ ಕೇಳಿ ತಿರುಗಿದಳು. ಚೀಲ ಹಿಡಿದು ದಯಾ ನಿಂತಿದ್ದ. ಅವಳು ಅಮ್ಮನಿಗೆ ಹೇಳಿದ್ದೆಲ್ಲ ಅವನಿಗೆ ಕೇಳಿಸಿತ್ತು.

"ನಿನ್ನ ಮುಖ ನೋಡ್ಲಿಕ್ಕೆ ನಾಚಿಕೆ ಆಗ್ತದೆ ದಯಾ."

"ನನಗೂ ನೋವು ಹೋಗಿಲ್ಲ. ಆದರೆ ನೀನಿಲ್ಲದೆ ಆ ದಾರಿಯಲ್ಲಿ ಜಾನಿಸ್ ಹಾಡು ಕೂಡ ಕೇಳ್ಲಿಕ್ಕೆ ಆಗ್ಲಿಲ್ಲ."

"ನನಗೆ ನಿನ್ನ ಮೇಲೆ ಪ್ರೀತಿ ಉಂಟು," ಎಂದಳು ಅವಳು, ನೆಲ ನೋಡುತ್ತ. "ಇದನ್ನು ಮೈಕ್ ಇಲ್ಲದೆ ಹೇಳ್ತಾ ಇದ್ದೇನೆ."

ದಯಾ ಗದ್ದೆಯ ಕಡೆ ನೋಡಿದ. "ಒಂದು ಮಂಗವೂ ಓಡಲಿಲ್ಲ."

"ಕಲಿಸ್ತೀಯಾ?"

"ಅಮ್ಮನೇ ಕಲಿಸ್ಬೇಕು. ಒಂದು ದಿನದಲ್ಲಿ ಬರುವುದಲ್ಲ ಅದು."

"ಎಷ್ಟು ದಿನ ಬೇಕಾದರೂ ಬರ್ತೇನೆ."

ಅವನು ಕರವಸ್ತ್ರ ತೆಗೆದು ಅವಳ ಕೈಗಿಟ್ಟ.

"ನಾಳೆ ಹಳೇ ಬಸ್ಸಿನಲ್ಲಿ ನನಗೊಂದು ಸೀಟು ಹಿಡಿ. ಮೊದಲು ಅಲ್ಲಿಂದ ಶುರು ಮಾಡುವ."