ಹೆಸರಹಬ್ಬದ ದಿನದ ಹಾಜರಿ

ನವೆಂಬರ್ 16, ಬೆಳಿಗ್ಗೆ ಎಂಟೂವರೆ. ಕವಾಲಾ ಬಂದರಿನ ಪೊಲೀಸ್ ಠಾಣೆಗೆ ಅಂಥೂಲಾ ಎಂಬ ಹೆಂಗಸು ಬಂದು ಬೆಂಚಿನ ಮೇಲೆ ಕೂತಳು. ದೂರು ಬರೆದುಕೊಳ್ಳುವ ತನಕ ಏಳುವುದಿಲ್ಲ ಎಂದಳು. ಹಿಂದಿನ ದಿನ ಅವಳ ತಮ್ಮ ಮಿನಾಸ್ ಹಾಸಿಗೆಯಲ್ಲೇ ಸತ್ತಿದ್ದ. ಹೆರಾಯಿನ್ ಚಟ ಬಿಡಲೆಂದು ನಾಲ್ಕು ವರ್ಷದಿಂದ ಊರಿನ ಚಿಕಿತ್ಸಾ ಘಟಕದಲ್ಲಿ ಮೆಥಡೋನ್ ಔಷಧಿ ಕುಡಿಯುತ್ತಿದ್ದವನು. ಆಸ್ಪತ್ರೆಯವರು 'ಮಾದಕ ವಸ್ತುವಿನ ಅತಿಸೇವನೆ' ಎಂದು ಬರೆದು ಕೈತೊಳೆದುಕೊಂಡಿದ್ದರು.

ಹೆಡ್ ಕಾನ್ಸ್‌ಟೇಬಲ್ ಲಾಜರೋಸ್ ಇಂಥ ದೂರುಗಳನ್ನು ಬೇಕಾದಷ್ಟು ಕಂಡಿದ್ದ. ಚಟದವರ ಮನೆಯವರೆಲ್ಲ ಹೇಳುವುದು ಇದನ್ನೇ: ನಮ್ಮ ಹುಡುಗ ಮುಟ್ಟಿರಲಿಲ್ಲ. ಅವನು ಅದನ್ನೇ ಸ್ವಲ್ಪ ಮೆತ್ತಗೆ ಹೇಳಿದ. ಅಂಥೂಲಾ ಕದಲಲಿಲ್ಲ.

"ಅವನಿಗೆ ಒಂಬತ್ತು ವರ್ಷದ ಮಗಳಿದಾಳೆ. ಇನ್ನು ಮುಟ್ಟಲ್ಲ ಅಂತ ಅವಳ ತಲೆ ಮೇಲೆ ಕೈಯಿಟ್ಟು ಹೇಳಿದ್ದ. ನಿಮ್ಮಪ್ಪ ಮಾತು ತಪ್ಪಿದ ಅಂತ ನಾನು ಹೆಂಗೆ ಹೇಳ್ಲಿ? ತಪ್ಪಿದ್ರೆ ತಪ್ಪಿದ ಅಂತ್ಲೇ ಹೇಳ್ತೀನಿ. ಆದ್ರೆ ಮೊದಲು ನೀವು ನೋಡಿ."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಥೆಕ್ಲಾ ವರ್ಸಾಮಿ ಇದನ್ನು ಕೇಳಿಸಿಕೊಂಡು ಹೊರಗೆ ಬಂದಳು. ತನ್ನ ಕೈಗಡಿಯಾರವನ್ನೂ ಗೋಡೆ ಗಡಿಯಾರ ನೋಡಿಯೇ ನಂಬುವ ಹೆಂಗಸು ಅವಳು. ಎಫ್‌ಐಆರ್ ದಾಖಲಾಯಿತು.

ಮನೆಯ ಪಂಚನಾಮೆಯಲ್ಲಿ ಸಿರಿಂಜು, ಪುಡಿ, ಸುಟ್ಟ ಚಮಚ, ಯಾವುದೂ ಸಿಗಲಿಲ್ಲ. ಅಂಥೂಲಾಳ ಹೇಳಿಕೆ ಹೀಗಿತ್ತು: ತಿಂಗಳ ಮೊದಲಿಗೇ ಮಿನಾಸ್ ಥಾಸೋಸ್ ದ್ವೀಪಕ್ಕೆ, ಚರ್ಚಿನಲ್ಲಿ ಅವನಿಗೆ ಹೆಸರಿಡಿಸಿದ ಧರ್ಮಪಿತನ ತೋಟಕ್ಕೆ ಆಲಿವ್ ಕೀಳಲು ಹೋಗಿದ್ದ. ಔಷಧಿಯೂ ಬೇಡ, ಏನೂ ಬೇಡ ಎಂದು ಅಲ್ಲಿ ಹಲ್ಲು ಕಚ್ಚಿ ಇದ್ದ. ಆದರೆ ಮೈನೋವು ತಡೆಯಲಾಗಲಿಲ್ಲ. ಹಳೇ ಚಟಕ್ಕೆ ಬಿದ್ದೇನೆಂದು ಹೆದರಿ 14ರ ಸಂಜೆ ಊರಿಗೆ ಬಂದು, 15ರ ಬೆಳಿಗ್ಗೆ ಘಟಕಕ್ಕೆ ಹೋಗಿ ಔಷಧಿ ಕುಡಿದು ಬಂದು ಮಲಗಿದವನು ಏಳಲಿಲ್ಲ.

18ರಂದು ಶವಪರೀಕ್ಷೆಯ ವರದಿ ಬಂತು. ರಕ್ತದಲ್ಲಿ ಮೆಥಡೋನ್ ಬಿಟ್ಟರೆ ಬೇರೇನೂ ಇರಲಿಲ್ಲ. ವೈದ್ಯರು ಬಿಡಿಸಿ ಹೇಳಿದರು: ದಿನಾ ಕುಡಿಯುವವನಿಗೆ ಆ ಅಳತೆ ಏನೂ ಮಾಡದು, ನಡೆದುಕೊಂಡು ಮನೆಗೆ ಹೋಗುತ್ತಾನೆ. ಎರಡು ವಾರ ಬಿಟ್ಟವನಿಗೆ ಅದೇ ವಿಷ. ಅಂಥವನಿಗೆ ಚೂರೇ ಚೂರು ಕೊಟ್ಟು ಮತ್ತೆ ಏರಿಸಬೇಕು. ಹಾಗಾದರೆ ಅವನು ಔಷಧಿ ಬಿಟ್ಟಿದ್ದನೋ ಇಲ್ಲವೋ ಎಂಬುದರ ಮೇಲೇ ಎಲ್ಲ ನಿಂತಿತ್ತು.

ಬಿಟ್ಟೇ ಇರಲಿಲ್ಲ ಎಂದಿತು ಘಟಕದ ಕಂಪ್ಯೂಟರ್. ಸಂಯೋಜಕ ಕ್ಲೆಯಾಂಥಿಸ್ ಪ್ಸಾಲ್ಟಿಸ್ ತಾನೇ ಪರದೆ ತಿರುಗಿಸಿ ತೋರಿಸಿದ. ಮಿನಾಸ್ ತಿಂಗಳಿಡೀ ಬಂದಿದ್ದಾನೆ, ಒಂದು ದಿನವೂ ತಪ್ಪಿಲ್ಲ. ಹೊರಗಿನಿಂದಲೂ ಕೊಂಡು ಕುಡಿದಿರಬೇಕು ಪಾಪ, ಎಂದ. ಆಮೇಲೆ ಕೇಳದಿದ್ದರೂ ತಮ್ಮ ವ್ಯವಸ್ಥೆಯನ್ನು ವಿವರಿಸಿದ. ರೋಗಿಗಳು ಯಾವಾಗ ಬರುತ್ತಾರೆ, ಯಾವಾಗ ಬಿಡುತ್ತಾರೆ ಎಂಬ ಮಾಹಿತಿಯಿಂದಲೇ ಚಿಕಿತ್ಸೆ ಸುಧಾರಿಸುವ ಯೋಜನೆ ಅದು. ಮೂರು ದಿನ ತಪ್ಪಿದರೆ ಹೆಸರು ಕೆಂಪಾಗುತ್ತದೆ. ಕೆಂಪಾದವನಿಗೆ ನರ್ಸ್ ಔಷಧಿ ಕೊಡುವಂತಿಲ್ಲ; ವೈದ್ಯರು ಅಳತೆ ಇಳಿಸಬೇಕು, ಯಾರಾದರೂ ಅವನ ಮನೆಗೆ ಹೋಗಿ ವಿಚಾರಿಸಬೇಕು. ಕವಾಲಾ ಘಟಕವನ್ನು ರಾಜಧಾನಿಯ ಕಚೇರಿ ಮಾದರಿ ಎಂದು ಹೊಗಳಿತ್ತು.

"ಈ ತಿಂಗಳು ಎಷ್ಟು ಕೆಂಪಾಗಿವೆ?" ಥೆಕ್ಲಾ ಕೇಳಿದಳು.

"ಒಂದೂ ಇಲ್ಲ ಮೇಡಂ."

"ಹೋದ ತಿಂಗಳು?"

"ಆಗ್ಲೂ ಇಲ್ಲ. ನಮ್ಮೋರು ಬಹಳ ನಿಯತ್ತಿನೋರು."

ಮೆಟ್ಟಿಲಿಳಿಯುವಾಗ ಲಾಜರೋಸ್, ಚರ್ಚಿಗೂ ಜನ ಇಷ್ಟು ನಿಯತ್ತಾಗಿ ಬರಲ್ಲ ಮೇಡಂ, ಎಂದ. ಅವನ ಅನುಮಾನ ಘಟಕದ ನರ್ಸ್ ಮೊರ್ಫೋ ಮೇಲಿತ್ತು. ಬಾರದವರ ಹೆಸರಿನಲ್ಲಿ ಹಾಜರಿ ಹಾಕಿ ಆ ಔಷಧಿಯನ್ನು ಬಂದರಿನಲ್ಲಿ ಮಾರುತ್ತಿದ್ದಾಳೆ ಎಂದು ಅವನು ಆಗಲೇ ಲೆಕ್ಕ ಹಾಕಿದ್ದ. ಹೊಸ ಕೋಟು ಬೇರೆ ಹಾಕಿದ್ದಾಳಲ್ಲ! ಅದೂ ಅವನ ಕಣ್ಣಿಗೆ ಬಿದ್ದಿತ್ತು.

19ರಂದು ಉಗ್ರಾಣದ ಔಷಧಿ ಅಳೆದು ಪಂಚನಾಮೆ ಮಾಡಿದರು. ಹಾಜರಿಗೆ ಹೋಲಿಸಿದರೆ ಔಷಧಿ ಕಡಿಮೆ ಇರಲಿಲ್ಲ, ಹೆಚ್ಚಿತ್ತು. ಲಾಜರೋಸ್ ತಲೆ ಕೆರೆದುಕೊಂಡ. ಕದ್ದರೆ ಕಡಿಮೆಯಾಗಬೇಕು, ಉಳಿಸುವ ಕಳ್ಳನನ್ನು ಅವನು ಕಂಡಿರಲಿಲ್ಲ. ಕೋಟಿನ ಮಾತನ್ನು ಅಲ್ಲಿಗೇ ಬಿಟ್ಟ.

ಬಾರದವರಿಗೂ ಹಾಜರಿ ಬಿದ್ದಿದೆ ಎಂದಷ್ಟೇ ಇದರಿಂದ ತಿಳಿಯಿತು, ಮಿನಾಸ್‌ನ ವಿಷಯ ಇತ್ಯರ್ಥವಾಗಲಿಲ್ಲ. ದ್ವೀಪದಲ್ಲಿದ್ದ ಎನ್ನುವವರು ಅಕ್ಕ ಮತ್ತು ಧರ್ಮಪಿತ. ಮನೆಯವರ ಸಾಕ್ಷಿಯನ್ನು ನ್ಯಾಯಾಲಯದಲ್ಲಿ ವಕೀಲರು ಊದಿಬಿಡುತ್ತಾರೆ. ಥೆಕ್ಲಾ ಸತ್ತವನ ಹಾಜರಿಯನ್ನು ಮತ್ತೆ ಒಂದೊಂದೇ ದಿನ ನೋಡುತ್ತ ಹೋದವಳು ನವೆಂಬರ್ 11ಕ್ಕೆ ನಿಂತಳು. ಅವತ್ತು ಸಂತ ಮಿನಾಸ್‌ನ ದಿನ, ಆ ಹೆಸರಿನವರೆಲ್ಲರ ಹಬ್ಬ. ಹುಟ್ಟಿದ ದಿನವನ್ನು ಮರೆತರೂ ನಡೆದೀತು. ಹೆಸರಹಬ್ಬದ ದಿನ ಮಾತ್ರ ಸಿಹಿ ಹಂಚದೆ ಯಾರೂ ನಾಲ್ಕು ಜನರ ಮುಂದೆ ಹೋಗುವುದಿಲ್ಲ, ಸಾಲ ಮಾಡಿಯಾದರೂ ಹಂಚುತ್ತಾರೆ.

ಮೊರ್ಫೋಳನ್ನು ಠಾಣೆಗೆ ಕರೆಸಿದರು. 13ರಿಂದ 17ರ ತನಕ ರಜೆಯಲ್ಲಿದ್ದವಳು ಅವಳು. 15ರಂದು ಔಷಧಿ ಕೊಟ್ಟದ್ದು ಬೇರೆ ಊರಿನಿಂದ ಬಂದ ಬದಲಿ ನರ್ಸ್, ಪರದೆಯಲ್ಲಿ ಅವನ ಹೆಸರು ಹಸಿರಾಗಿದ್ದನ್ನು ನೋಡಿ ಪೂರ್ತಿ ಅಳತೆ ಸುರಿದಿದ್ದಳು. ದಿನದ ಹಾಜರಿಯನ್ನು ಕಂಪ್ಯೂಟರಿಗೆ ಏರಿಸುವುದು ಯಾರು ಎಂದು ಕೇಳಿದ್ದಕ್ಕೆ, ಸಂಜೆ ಕ್ಲೆಯಾಂಥಿಸ್ ಒಬ್ಬರೇ ಕೂತು ಏರಿಸುತ್ತಾರೆ ಎಂದಳು.

"ಹನ್ನೊಂದನೇ ತಾರೀಕು ಮಿನಾಸ್ ಏನು ಹಂಚಿದ?"

ಮೊರ್ಫೋ ಆ ದಿನವನ್ನು ನೆನಪಿಸಿಕೊಂಡಳು. ಪ್ರತಿ ವರ್ಷ ಅವನು ಕುರಾಬಿಯೆ ತರುತ್ತಿದ್ದ, ಸಕ್ಕರೆ ಪುಡಿ ಉದುರುವ ಬಾದಾಮಿ ಬಿಸ್ಕತ್ತು. ಈ ಸಲ ತಂದಿರಲಿಲ್ಲ.

"ದಿನಾ ಅಷ್ಟು ಜನ, ಅವನು ಬರ್ತಾನೇ ಇಲ್ಲ ಅಂತ ಹೊಳೀಲಿಲ್ಲ. ಜಿಪುಣ ಆಗಿದಾನೆ, ಹಂಚ್ಬೇಕಲ್ಲ ಅಂತ ಅವತ್ತು ತಪ್ಪಿಸ್ಕೊಂಡ ಅಂದ್ಕೊಂಡೆ. ಮನಸಲ್ಲೇ ಬೈಕೊಂಡೆ ಮೇಡಂ. ಎಲ್ಲಿ ಹೋದ ಅಂತ ಕೇಳ್ಲಿಲ್ಲ," ಎಂದು ಅತ್ತಳು.

20ರ ಬೆಳಿಗ್ಗೆ ಹತ್ತಕ್ಕೆ ಕ್ಲೆಯಾಂಥಿಸ್‌ನನ್ನು ಕೂರಿಸಿದರು. ಥೆಕ್ಲಾ ಕಾಫಿ ತರಿಸಿದಳು, ಅವಸರ ಮಾಡಲಿಲ್ಲ.

"ಹನ್ನೊಂದಕ್ಕೆ ಮಿನಾಸ್ ಬಂದಿದ್ನಾ?"

"ಬಂದಿದ್ದ. ಕಣ್ಣಾರೆ ನೋಡಿದೀನಿ."

"ಹಬ್ಬ ಅಲ್ವಾ ಅವತ್ತು. ಏನು ಕೊಟ್ಟ?"

"ಕುರಾಬಿಯೆ. ಯಾವಾಗ್ಲೂ ತರ್ತಾನಲ್ಲ."

"ನೀವು ತಿಂದ್ರಾ?"

"ಎರಡು ತಿಂದೆ."

ಲಾಜರೋಸ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಥೆಕ್ಲಾ ಮೊರ್ಫೋಳ ಹೇಳಿಕೆಯನ್ನು ಓದಿ ಹೇಳಿದಳು. ಘಟಕದ ಕಾವಲುಗಾರ, ವೈದ್ಯರು, ಯಾರ ಬಾಯಿಗೂ ಅವತ್ತು ಒಂದು ಚೂರು ಬಿದ್ದಿಲ್ಲ ಎಂದೂ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಕ್ಲೆಯಾಂಥಿಸ್ ತುಟಿ ಒರೆಸಿಕೊಂಡ. ಕೊನೆಗೆ, ಅವನು ಬಂದಿರಲಿಲ್ಲ, ಎಂದ. ಬಾರದೆ ಇದ್ದವರು ಅವನೊಬ್ಬನೇ ಅಲ್ಲ ಎಂದೂ ಸೇರಿಸಿದ. ಹನ್ನೊಂದೂಕಾಲಿಗೆ ಬಂಧನವಾಯಿತು: ದಾಖಲೆ ತಿದ್ದಿದ್ದು, ಅದರಿಂದ ಸಾವು ಸಂಭವಿಸಿದ್ದು.

ಮಧ್ಯಾಹ್ನ ಥೆಕ್ಲಾ ತಾನೇ ಅಂಥೂಲಾಳ ಮನೆಗೆ ಹೋದಳು. ನಿಮ್ಮ ತಮ್ಮ ಮಾತು ತಪ್ಪಿಲ್ಲ, ಔಷಧಿ ಕೇಳಲು ಹೋದದ್ದೂ ಮಾತು ಉಳಿಸಿಕೊಳ್ಳಲೆಂದೇ, ಎಂದಳು. ಅಂಥೂಲಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಹುಡುಗಿ ಊಟ ಮಾಡುತ್ತಿದ್ದಳು. ಉಣ್ಣಲಿ, ಆಮೇಲೆ ಹೇಳುತ್ತೇನೆ, ಎಂದು ಅಂಥೂಲಾ ಮೆಲ್ಲಗೆ ಅಂದಳು.

ಸಂಜೆ ಕ್ಲೆಯಾಂಥಿಸ್‌ನ ಪೂರ್ತಿ ಹೇಳಿಕೆ ಬರೆದುಕೊಂಡರು. ಅವನು ಒಂದು ಹನಿ ಔಷಧಿ ಮಾರಿರಲಿಲ್ಲ, ಯಾರಿಂದಲೂ ಏನೂ ಪಡೆದಿರಲಿಲ್ಲ. ಕೆಲವು ವರ್ಷಗಳ ಹಿಂದೆ ನೆರೆಯ ಊರಿನ ಘಟಕದಲ್ಲಿ ಅರ್ಧ ಜನ ಬಿಟ್ಟುಹೋಗುತ್ತಾರೆಂದು ಅಂಕಿ ತೋರಿಸಿತ್ತು. ಮೇಲಿನವರು ಅದನ್ನು ಸರಿಪಡಿಸುವ ಬದಲು ಘಟಕವನ್ನೇ ಮುಚ್ಚಿಬಿಟ್ಟರು. ಅಲ್ಲಿ ಔಷಧಿ ಕುಡಿಯುತ್ತಿದ್ದವರಲ್ಲಿ ಕ್ಲೆಯಾಂಥಿಸ್‌ನ ತಮ್ಮ ಪಾಸ್ಕಾಲಿಸ್ ಕೂಡ ಇದ್ದ. ಬಸ್ಸು ಹತ್ತಿ ದೂರದ ಊರಿಗೆ ಹೋಗಬೇಕಾಯಿತು. ಚಳಿಗಾಲದಲ್ಲಿ ಹೋಗುವುದನ್ನು ಬಿಟ್ಟ, ವಸಂತಕ್ಕೆ ಮೊದಲೇ ಸತ್ತ. ಅದಕ್ಕೇ ಈ ಘಟಕದಲ್ಲಿ ಕೆಂಪು ಬಣ್ಣವೇ ಕಾಣಬಾರದು ಎಂದು ಕ್ಲೆಯಾಂಥಿಸ್ ಪಣ ತೊಟ್ಟಿದ್ದ.

"ಇಲ್ಲೂ ಬಾಗಿಲು ಹಾಕಿದ್ರೆ ಇನ್ನೆಷ್ಟು ಪಾಸ್ಕಾಲಿಸ್‌ಗಳು ಸಾಯ್ತಿದ್ರು, ನೀವೇ ಹೇಳಿ ಮೇಡಂ."

ಥೆಕ್ಲಾ ಪೆನ್ನು ಕೆಳಗಿಟ್ಟಳು. "ನಿಮ್ಮ ತಮ್ಮ ಹೋಗೋದು ಬಿಟ್ಟಾಗ ಯಾರೂ ಮನೆಗೆ ಹುಡುಕ್ಕೊಂಡು ಹೋಗ್ಲಿಲ್ವಾ?"

"ಯಾರು ಹೋಗ್ತಾರೆ? ಅವನು ಬರ್ತಿಲ್ಲ ಅನ್ನೋದೇ ಯಾರಿಗೂ ಗೊತ್ತಿರ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನ ಕಿವಿಗೇ ಬಿತ್ತು. ಆಮೇಲೆ ಯಾರೂ ಕೇಳದೆಯೇ, ತಾನು ಹಸಿರು ಮಾಡಿದ್ದ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದ. ಲಾಜರೋಸ್ ಟೋಪಿ ಹಾಕಿಕೊಂಡು ಮೊದಲನೆಯವನ ವಿಳಾಸ ಕೇಳಿದ.